ಎಮ್ಮೆಗುಂಡಿನ ಪಾಲಕ್ಕ ಹೊಲಿದ ಗುರುತುಗಳು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಅದು ಯಾರೋ ಹೇಳಿ ಕೇಳಿದ ಮಾತೇ. ಎಮ್ಮೆಗುಂಡು ಅಂತ ಒಂದು ಊರಿತ್ತು. ಬಯಲಿನ ನಡುವೆ ಒಂದು ಬಂಡೆಗುಡ್ಡ. ದೂರದಿಂದ ನೋಡಿದರೆ ಮೆಲುಕು ಹಾಕುತ್ತಾ ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಆ ಎಮ್ಮೆಯ ಬೆನ್ನ ಮೇಲೆ ಕೋಟೆ, ಕೋಟೆಯೊಳಗೆ ಊರು, ಊರಿಗೊಬ್ಬ ಪಾಳೆಗಾರ. ಅವನ ಹೆಸರು ಕೊಂಡನಾಯಕ. ಅವನ ಆಳಿಕೆಯಲ್ಲಿ ಆ ಊರಲ್ಲಿ ಪಾಲಕ್ಕ ಅಂತ ಒಬ್ಬಳಿದ್ದಳು. ನಾಯಕನ ಹೆಸರು ಮರೆತವರಿದ್ದಾರೆ, ಪಾಲಕ್ಕನ ಹೆಸರು ಮರೆತವರು ಆ ಸೀಮೆಯಲ್ಲಿ ಇಲ್ಲ ಅಂತಾರೆ.

ಪಾಲಕ್ಕ ಹೊಳೆಯಾಚೆಯ ಊರಿಂದ ಸೊಸೆಯಾಗಿ ಬಂದವಳು. ಗಂಡ ಕಾಟಯ್ಯ, ನಾಯಕನ ದಂಡಿನಲ್ಲಿ ಭರ್ಜಿ ಹಿಡಿಯುವ ಆಳು. ಮದುವೆಯಾಗಿ ಇನ್ನೂ ಅರಿಸಿನ ಮಾಸಿರಲಿಲ್ಲ, ದಂಡಿಗೆ ಕರೆ ಬಂತು. ಕಾಟಯ್ಯ ಹೋದ. ಹೋಗುವಾಗ ದೊಡ್ಡ ಮಾತೇನೂ ಆಡಲಿಲ್ಲವಂತೆ. "ರೊಟ್ಟಿ ಗಟ್ಟಿಯಾಗಿ ಕಟ್ಟಿದ್ದೀಯ ತಾನೇ?" ಅಂದನಂತೆ, ಅಷ್ಟೇ.

ಆಗ ದಂಡಿಗೆಲ್ಲ ಒಂದೇ ನಿಶಾನೆ. ನಾಯಕರ ಮನೆತನದ ಲಾಂಛನ ಹುಲಿ. ಮೊದಲು ಬರೀ ಹುಲಿಯೇ ಇತ್ತಂತೆ. ಕೊಂಡನಾಯಕನ ಮುತ್ತಜ್ಜ ಆ ಹುಲಿಯ ಪಂಜಕ್ಕೆ ಕತ್ತಿ ಕೊಡಿಸಿದ. ಅಜ್ಜ ಮೇಲೆ ಸೂರ್ಯಚಂದ್ರರನ್ನ ಕೂರಿಸಿದ. ಅಪ್ಪ ಎಡಕ್ಕೊಂದು ಬಲಕ್ಕೊಂದು ಶಂಖ ಇಡಿಸಿದ. ಕೊಂಡನಾಯಕ ತನ್ನ ಕಾಲಕ್ಕೆ ಕೆಳಗೆ ಜೋಡಿ ಆನೆ ನಿಲ್ಲಿಸಿ, ಸುತ್ತಲೂ ಜರಿ ಅಂಚು ಹೊಡೆಸಿದ. ಹತ್ತಿರದಿಂದ ನೋಡಿದರೆ ಕೈ ಮುಗಿಯಬೇಕು ಅನ್ನಿಸುವಂಥದ್ದು. ಕೋಟೆಯ ಮೇಲಿಂದ ನೋಡಿದರೆ ಹಳದಿ ಬಟ್ಟೆಗೆ ಎಣ್ಣೆ ಚೆಲ್ಲಿದ ಹಾಗೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಬಯಲಲ್ಲಿ ಧೂಳೆದ್ದಿತು. ಹುಲಿಯ ನಿಶಾನೆ ಕಂಡಿತು. "ಬಂದರು, ಬಂದರು" ಅಂತ ಊರಿಗೆ ಊರೇ ಕೂಗಿತು. ಪಾಲಕ್ಕ ತಂಬಿಗೆಯಲ್ಲಿ ನೀರು ಹಿಡಿದು, ತಲೆಗೆ ಹೂ ಮುಡಿದು, ಕೋಟೆ ಬಾಗಿಲಿಗೆ ಓಡಿದಳು. ಎಲ್ಲರಿಗಿಂತ ಮುಂದೆ ನಿಂತಳು. ದಂಡು ಒಳಗೆ ಬಂತು. ಒಬ್ಬೊಬ್ಬರ ಮುಖ ನೋಡುತ್ತಾ ಹೋದಳು. ಕೊನೆಯ ಕುಂಟ ಎತ್ತು ಒಳಗೆ ಬಂದು ಬಾಗಿಲು ಹಾಕುವವರೆಗೂ ನೋಡಿದಳು. ಹುಲಿ ಬಂತು, ಕಾಟಯ್ಯ ಬರಲಿಲ್ಲ.

ಅವನು ಸತ್ತದ್ದನ್ನು ಕಂಡವರಿಲ್ಲ, ಬದುಕಿದ್ದನ್ನು ಕಂಡವರೂ ಇಲ್ಲ. ಹೊಳೆ ದಾಟುವಾಗ ಇದ್ದ ಅಂದರು ಕೆಲವರು. ದಾಟಿದ ಮೇಲೆ ಕಾಣಲಿಲ್ಲ ಅಂದರು ಕೆಲವರು. ಪಾಲಕ್ಕ ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಅವಳನ್ನ ಸುಡುತ್ತಿದ್ದದ್ದು ಅವನು ಬಾರದ್ದಷ್ಟೇ ಅಲ್ಲವಂತೆ. ಆ ಹುಲಿಯನ್ನ ಕಂಡ ಗಳಿಗೆಯಿಂದ ಬಾಗಿಲು ಹಾಕಿದ ಗಳಿಗೆಯವರೆಗೆ ತಾನು ಪಟ್ಟ ಸಂತೋಷ ಇತ್ತಲ್ಲ, ಅದನ್ನ ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಯಾರದೋ ನಿಶಾನೆಗೆ ತಾನು ಹೂ ಮುಡಿದು ಓಡಿದ್ದೆ ಅಂತ.

ಅತ್ತೆ ತಿಮ್ಮವ್ವ ಒಳ್ಳೆಯವಳು. ಮಗನಿಲ್ಲದ ಮನೆಯಲ್ಲಿ ಸೊಸೆ ಗೋಡೆ ನೋಡುತ್ತಾ ಕೂರುವುದನ್ನ ನೋಡಲಾರದೆ ಅವಳ ಕೈಗೆ ಸೂಜಿ ಕೊಟ್ಟಳು. ಹಳೇ ಸೀರೆ, ಹಳೇ ಧೋತರ, ಹರಿದ ರುಮಾಲಿನ ತುಂಡುಗಳನ್ನ ಜೋಡಿಸಿ ಕೌದಿ ಹೊಲಿಯುವುದನ್ನ ಕಲಿಸಿದಳು. ಅಲ್ಲಿಯವರೆಗೆ ಪಾಲಕ್ಕ ಸೂಜಿಗೆ ದಾರ ಪೋಣಿಸಿದವಳಲ್ಲ. ಒಂದೆರಡು ವರ್ಷದಲ್ಲಿ ಅವಳ ಕೌದಿ ಹೊದ್ದರೆ ಚಳಿಜ್ವರ ಬಿಟ್ಟುಹೋಗುತ್ತೆ ಅನ್ನುವಷ್ಟು ಹೆಸರಾಯಿತು.

ಹೀಗಿರುವಾಗ ಮತ್ತೆ ದಂಡಿಗೆ ಕರೆ ಬಂತು. ಪಕ್ಕದ ಮನೆಯ ಸಣ್ಣಕ್ಕ ಹೊಸ ಮದುವಣಗಿತ್ತಿ. ಅವಳು ಬಂದು ಪಾಲಕ್ಕನ ಪಕ್ಕ ಕುಸಿದು ಕೂತಳು. "ಅಕ್ಕಾ, ನಿನ್ನ ಹಾಗೆ ಬಾಗಿಲಲ್ಲಿ ನಿಂತು ಒಂದೊಂದೇ ಮುಖ ನೋಡೋ ಶಕ್ತಿ ನನಗಿಲ್ಲ ಕಣಕ್ಕ" ಅಂತ ಅತ್ತಳು. ಪಾಲಕ್ಕ ಹೊಲಿಯುವುದನ್ನ ನಿಲ್ಲಿಸಿದಳು. ಸೂಜಿಯನ್ನ ಬಟ್ಟೆಗೆ ಚುಚ್ಚಿಟ್ಟು ಕೇಳಿದಳು.

"ನಿನ್ನ ಗಂಡನ್ನ ನೀನು ಯಾವುದರಿಂದ ಗುರುತು ಹಿಡೀತೀಯವ್ವ?"

"ಮುಖದಿಂದ, ಇನ್ಯಾವುದರಿಂದ?"

"ಮುಖ ಎಲ್ಲರೂ ನೋಡ್ತಾರೆ. ನಿನಗೆ ಮಾತ್ರ ಗೊತ್ತಿರೋದು ಏನು?"

ಸಣ್ಣಕ್ಕನಿಗೆ ಅಳುವಿನ ನಡುವೆ ನಗು ಬಂತು. ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದಳು: "ದಿನಾ ನನ್ನ ತಲೆ ಬಾಚೋದು ಅವರೇ. ಯಾರಿಗೂ ಹೇಳಬೇಡಕ್ಕ."

ಪಾಲಕ್ಕ ಯಾರಿಗೂ ಹೇಳಲಿಲ್ಲ. ಒಂದು ಬಿಳಿ ಧೋತರದ ತುಂಡು ತೆಗೆದು ಅದರ ಮೇಲೆ ಕೆಂಪು ಬಟ್ಟೆಯಲ್ಲಿ ದೊಡ್ಡದೊಂದು ಬಾಚಣಿಗೆ ಕತ್ತರಿಸಿ ಹೊಲಿದಳು. ಅದನ್ನ ಮಡಿಸಿ ಸಣ್ಣಕ್ಕನ ಕೈಗಿಟ್ಟು, ವಾಪಸು ಬರುವಾಗ ಕೆರೆ ಏರಿಯ ಒಂಟಿ ತಾಳೆಮರದ ಹತ್ತಿರ ಬಂದ ಕೂಡಲೆ ಅದನ್ನ ಭರ್ಜಿಗೆ ಕಟ್ಟಿ ಬಿಚ್ಚಬೇಕು ಅಂತ ನಿನ್ನ ಗಂಡನಿಗೆ ಹೇಳು ಅಂದಳು. ಕೋಟೆಯ ಮೂಡಣ ಬತೇರಿಯ, ಅಂದರೆ ಕಾವಲು ಬುರುಜಿನ, ಮೇಲೆ ನಿಂತರೆ ಆ ತಾಳೆಮರ ಚೆನ್ನಾಗಿ ಕಾಣುತ್ತಿತ್ತು.

ದಂಡು ತಿರುಗಿ ಬಂದ ದಿನ ಸಣ್ಣಕ್ಕ ಬತೇರಿಯ ಮೇಲಿದ್ದಳು. ತಾಳೆಮರದ ಹತ್ತಿರ ಬಿಳಿ ಬಟ್ಟೆಯೊಂದು ಬಿಚ್ಚಿಕೊಂಡಿತು. "ಬಾಚಣಿಗೆ! ಅಕ್ಕಾ, ಬಾಚಣಿಗೆ!" ಅಂತ ಅವಳು ಕೂಗಿದ್ದು ಕೆಳಗಿನ ಓಣಿಯವರೆಗೂ ಕೇಳಿಸಿತಂತೆ. ಊರವರು ಏನದು ಬಾಚಣಿಗೆ ಅಂದರೆ, ನಮ್ಮವರು ಬಾಚಣಿಗೆ ವ್ಯಾಪಾರ ಮಾಡ್ತಾರೆ ಅಂದಳಂತೆ.

ಅಲ್ಲಿಂದ ಶುರುವಾಯಿತು. ಒಬ್ಬೊಬ್ಬರೇ ಬಂದರು, ಹೆಂಡತಿ ಬಂದಳು, ತಾಯಿ ಬಂದಳು, ಅಕ್ಕ ತಂಗಿ ಬಂದರು. ಪಾಲಕ್ಕ ಗಂಡಸರನ್ನ ಕೇಳುತ್ತಿರಲಿಲ್ಲ. ಅವರನ್ನ ಕೇಳಿದರೆ ಸಿಂಹ ಬೇಕು, ಗರುಡ ಬೇಕು ಅಂತಿದ್ದರು. ಕಾಯುವವರನ್ನ ಕೇಳುತ್ತಿದ್ದಳು. ಅವನನ್ನ ಯಾವುದರಿಂದ ಗುರುತು ಹಿಡೀತೀಯ, ಹೇಳು. ಕೇಳಿಸಿಕೊಂಡವರು ಮೊದಲು ನಗುತ್ತಿದ್ದರು, ಆಮೇಲೆ ಹೇಳುತ್ತಿದ್ದರು. ಗಾದ್ರಿ ಅನ್ನುವವನು ಚಿಕ್ಕವನಿದ್ದಾಗ ಹಳ್ಳದಲ್ಲಿ ಏಡಿ ಕಚ್ಚಿಸಿಕೊಂಡು, ಬೆರಳಿಗೆ ಏಡಿ ನೇತಾಡಿಸಿಕೊಂಡೇ ಮನೆಯವರೆಗೆ ಅಳುತ್ತಾ ಬಂದಿದ್ದ. ಅವನ ಅಕ್ಕ ಅದನ್ನ ನೆನೆಸಿಕೊಂಡು ನಕ್ಕಳು, ನಕ್ಕು ನಕ್ಕು ಅತ್ತಳು. ಗಾದ್ರಿಗೆ ಏಡಿ ಆಯಿತು. ಬಾವಿ ತೋಡುವವರ ಮನೆಯವನಿಗೆ ರಾಟೆ ಆಯಿತು. ಮಾಳಜ್ಜಿ ಅನ್ನುವ ಮುದುಕಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು, ಕಪ್ಪು ಬಿಳುಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವಳಿಗಿದ್ದವನು ಒಬ್ಬನೇ ಮಗ ದುಗ್ಗಪ್ಪ, ಮೊಸರಿಲ್ಲದೆ ತುತ್ತೆತ್ತುವವನಲ್ಲ. ಅವನಿಗೆ ಕರಿ ಕಂಬಳಿಯ ತುಂಡಿನ ಮೇಲೆ ದೊಡ್ಡ ಬಿಳಿ ಗಡಿಗೆ ಆಯಿತು.

ಪಾಲಕ್ಕನ ಹೊಲಿಗೆಗೆ ಅವಳದೇ ಕಟ್ಟಳೆ ಇತ್ತು ಅಂತಾರೆ. ಒಂದು ಬಟ್ಟೆಗೆ ಒಂದೇ ವಸ್ತು, ಎರಡೇ ಬಣ್ಣ. ಗಾಳಿಗೆ ಅರ್ಧ ಮಡಿಚಿಕೊಂಡರೂ ಇಂಥದೇ ಅಂತ ತಿಳಿಯಬೇಕು. ಹೊಲಿದಾದ ಮೇಲೆ ಯಾರಾದರೂ ಅದನ್ನ ತಾಳೆಮರದ ಬುಡಕ್ಕೆ ಒಯ್ದು ಹಿಡಿಯಬೇಕು, ಅವಳು ಬತೇರಿಯಿಂದ ನೋಡಬೇಕು. ನೋಡುವ ಮೊದಲು ಈರುಳ್ಳಿ ಹೆಚ್ಚಿ ಕಣ್ಣಿಗೆ ನೀರು ಬರಿಸಿಕೊಳ್ಳುತ್ತಿದ್ದಳು. ಯಾಕವ್ವ ಈ ಕಷ್ಟ ಅಂದರೆ, "ನೋಡೋರ ಕಣ್ಣು ಅವತ್ತು ಒಣಗಿರುತ್ತಾ?" ಅನ್ನುತ್ತಿದ್ದಳು. ಕಣ್ಣೀರಿನೊಳಗಿಂದ ಗುರುತು ಸಿಗದಿದ್ದರೆ ಅಲ್ಲೇ ಹೊಲಿಗೆ ಬಿಚ್ಚಿಬಿಡುತ್ತಿದ್ದಳು.

ಊರಿಗೆಲ್ಲ ಹೊಲಿದಳು. ಕಾಟಯ್ಯನಿಗೆ ಹೊಲಿಯಲಿಲ್ಲ. ಬಟ್ಟೆಯನ್ನ ಕೈಯಲ್ಲಿ ಕೊಟ್ಟು ಕಳಿಸಲು ಅವನಿದ್ದನೇ?

ಸುದ್ದಿ ನಾಯಕನ ಕಿವಿಗೆ ಬಿತ್ತು. ಕೊಂಡನಾಯಕನಿಗೆ ಸಿಟ್ಟು ಬಂತು. ಪಾಲಕ್ಕನನ್ನ ಚಾವಡಿಗೆ ಕರೆಸಿದ.

"ಲಾಂಛನ ಅನ್ನೋದು ಅರಸರದು. ನಮ್ಮ ಹಿರಿಯರು ರಕ್ತ ಕೊಟ್ಟು ಗಳಿಸಿದ್ದು. ನೀನು ಏಡಿಗೂ ಗಡಿಗೆಗೂ ಲಾಂಛನ ಮಾಡಿ ಕೂಲಿಯಾಳಿನ ಕೈಗೆ ಕೊಡ್ತೀಯಂತೆ. ನನ್ನ ಹುಲಿ ಸಾಲದಾ ನಿಮಗೆ?"

ಪಾಲಕ್ಕ ಸೆರಗು ಸರಿ ಮಾಡಿಕೊಂಡು ಹೇಳಿದಳು: "ಒಡೆಯಾ, ಹೋಗೋದಕ್ಕೆ ನಿಮ್ಮ ಹುಲಿಯೇ ಇರಲಿ. ಬರೋದಕ್ಕೆ ನಮ್ಮದಿರಲಿ."

ನಾಯಕ ಗೋಡೆಗೆ ಒರಗಿಸಿದ್ದ ಹುಲಿಯ ನಿಶಾನೆಯ ಕಡೆ ತಿರುಗಿ ನೋಡಿದ. ಅವನೂ ಎಷ್ಟು ಜನರನ್ನ ಕರೆದುಕೊಂಡು ಹೋಗಿ ಎಷ್ಟು ಜನರನ್ನ ಕರೆತಂದವನೋ, ಅವನಿಗೇ ಗೊತ್ತು. ಕೊನೆಗೆ ಅಪ್ಪಣೆ ಕೊಟ್ಟ. ದಂಡಿನ ಮುಂದೆ ಹುಲಿಯೇ ನಡೆಯಬೇಕು. ಈ ಗುರುತಿನ ಬಟ್ಟೆಗಳು ಸೊಂಟದಲ್ಲಿ ಮಡಿಚಿ ಇರಬೇಕು, ಹೊರಗಿನ ಒಬ್ಬನ ಕಣ್ಣಿಗೂ ಬೀಳಬಾರದು. ತಾಳೆಮರ ಮುಟ್ಟಿದ ಮೇಲೆ ಬೇಕಾದರೆ ಬಿಚ್ಚಿಕೊಳ್ಳಲಿ.

ಅದಾಗಿ ಕೆಲವು ದಿನಕ್ಕೆ ನಾಯಕನ ಹೆಂಡತಿ ಲಿಂಗಾಜಮ್ಮ ಒಂದು ಮಧ್ಯಾಹ್ನ ಪಲ್ಲಕ್ಕಿಯಿಲ್ಲದೆ, ಒಬ್ಬಳೇ, ಪಾಲಕ್ಕನ ಮನೆಗೆ ಬಂದಳಂತೆ. ನಾಯಕರ ಹೆಂಡಿರನ್ನ ನಾಗತಿ ಅಂತ ಕರೆಯುತ್ತಿದ್ದರು. ನಾಗತಿಗೆ ಹಾಸಲು ಚಾಪೆ ಹುಡುಕಿದರೆ ಅವಳು ಕೌದಿ ತುಂಡುಗಳ ಮೇಲೆಯೇ ಕೂತಳು.

"ಪಾಲಕ್ಕ, ನನಗೂ ಹುಲಿಯಿಂದ ಗುರುತು ಸಿಗೋದಿಲ್ಲ" ಅಂದಳು.

"ತಾಯಿ, ನೀವು ಅವರನ್ನ ಯಾವುದರಿಂದ ಗುರುತು ಹಿಡೀತೀರಿ?"

ನಾಗತಿ ಸೀರೆಯ ಅಂಚನ್ನ ಬೆರಳಿಗೆ ಸುತ್ತಿಕೊಂಡಳು. ನಾಯಕನಿಗೆ ಹಿಂದೊಮ್ಮೆ ಹಂದಿ ಬೇಟೆಯಲ್ಲಿ ಮೊಣಕಾಲಿಗೆ ಪೆಟ್ಟಾಗಿತ್ತು. ಸಭೆಯಲ್ಲಿ ಎರಡೂ ಕಾಲ ಮೇಲೆ ನೆಟ್ಟಗೆ ನಿಲ್ಲುತ್ತಿದ್ದ, ಯಾರಿಗೂ ತಿಳಿಯಗೊಡುತ್ತಿರಲಿಲ್ಲ. ಒಳಮನೆಗೆ ಬಂದರೆ ಕಂಬಕ್ಕೆ ಕೈಕೊಟ್ಟು, ನೋಯುವ ಕಾಲೆತ್ತಿ, ಒಂಟಿಗಾಲಲ್ಲಿ ನಿಂತು ಮಾತಾಡುತ್ತಿದ್ದ. "ಹಾಗೆ ನಿಂತಾಗಲೇ ಅವರು ನನ್ನವರು ಅನ್ನಿಸೋದು" ಅಂದಳು ನಾಗತಿ. ಪಾಲಕ್ಕ ನೀಲಿ ಬಟ್ಟೆಯ ಮೇಲೆ ಒಂಟಿಗಾಲಲ್ಲಿ ನಿಂತ ಬಿಳಿ ಕೊಕ್ಕರೆ ಹೊಲಿದುಕೊಟ್ಟಳು. ಮುಂದೆ ದಂಡು ಹೊರಟಾಗ ನಾಗತಿ ಅದನ್ನ ನಾಯಕನ ನಡುಪಟ್ಟಿಯೊಳಗೆ ತಾನೇ ಸಿಕ್ಕಿಸಿ, ಇಂಥ ಕಡೆ ಬಿಚ್ಚಬೇಕು ಅಂದಳು. ಬಿಚ್ಚಿ ನೋಡಿದ ನಾಯಕ, "ಹುಲಿಯನ್ನ ಕೊಕ್ಕರೆ ಮಾಡಿಬಿಟ್ಟಿರಿ" ಅಂತ ಗೊಣಗಿದನಂತೆ. ಗೊಣಗಿದರೂ ಮಡಿಚಿ ಮತ್ತೆ ಅಲ್ಲೇ ಇಟ್ಟುಕೊಂಡ.

ಆ ಸಲದ ಯುದ್ಧ ಕೆಟ್ಟದ್ದು. ವಾರಗಳು ಕಳೆದವು, ಸುದ್ದಿಯಿಲ್ಲ. ಹೆಂಗಸರು ದಿನಾ ಬತೇರಿ ಹತ್ತಿ ಇಳಿಯುತ್ತಿದ್ದರು. ಒಂದು ಸಂಜೆ, ಹೊತ್ತು ಇನ್ನೂ ಮುಳುಗಿರಲಿಲ್ಲ, ಬಯಲಲ್ಲಿ ಧೂಳೆದ್ದಿತು. ಧೂಳಿನೊಳಗಿಂದ ಹುಲಿಯ ನಿಶಾನೆ ಎದ್ದಿತು. ಅದರ ಹಿಂದೆ ನಾಯಕನ ಬಿಳಿ ಕುದುರೆ. ಕುದುರೆಯ ಮೇಲೆ ನಾಯಕನ ಛತ್ರಿ.

ಕೋಟೆಯಲ್ಲಿ ನಗಾರಿ ಬಡಿದರು. ಆರತಿ ತಟ್ಟೆ ಬಂದವು. ಕೋಟೆಯ ಕಾವಲು ನೋಡುತ್ತಿದ್ದ ಮುದುಕ ದಳವಾಯಿ ಬಾಗಿಲ ಅಗುಳಿ ತೆಗೆಯಲು ಆಳುಗಳನ್ನ ಕೂಗಿದ. ದಂಡು ಕೆರೆ ಏರಿಗೆ ಬಂತು. ತಾಳೆಮರ ಮುಟ್ಟಿತು. ತಾಳೆಮರ ದಾಟಿತು.

ಬತೇರಿಯ ಮೇಲಿದ್ದ ಹೆಂಗಸರು ಕಲ್ಲಿನ ಅಂಚಿಗೆ ಒತ್ತಿ ನಿಂತರು. ಸಣ್ಣಕ್ಕ ಪಾಲಕ್ಕನ ತೋಳು ಹಿಡಿದುಕೊಂಡಳು. ಬಾಚಣಿಗೆ ಇಲ್ಲ. ಏಡಿ ಇಲ್ಲ. ರಾಟೆ ಇಲ್ಲ. ಮಾಳಜ್ಜಿ ಪಕ್ಕದವಳನ್ನ ಕೇಳುತ್ತಿದ್ದಳು, ಬಿಳೀದು ಏನಾದರೂ ಕಾಣ್ತಾ, ಕರೀದರ ಮೇಲೆ ಬಿಳೀದು ಕಾಣ್ತಾ ಅಂತ.

ಪಾಲಕ್ಕ ಮೆಟ್ಟಿಲಿಳಿದು ಬಾಗಿಲಿಗೆ ಓಡಿದಳು.

"ದಳವಾಯಪ್ಪಾ, ತೆಗೀಬೇಡಿ! ಒಂದು ಬಟ್ಟೆಯೂ ಬಿಚ್ಚಲಿಲ್ಲ. ಅವರಲ್ಲಿ ನಮ್ಮವರು ಒಬ್ಬರೂ ಇಲ್ಲ."

ದಳವಾಯಿ ರೇಗಿದ. "ಹುಲಿ ಕಾಣ್ತಿದೆ, ಕುದುರೆ ಕಾಣ್ತಿದೆ. ಹೆಂಗಸರ ಚಿಂದಿ ಕಾಣಲಿಲ್ಲ ಅಂತ ನಾಯಕರನ್ನ ಅವರ ಬಾಗಿಲಲ್ಲೇ ನಿಲ್ಲಿಸಲಾ? ನನ್ನ ತಲೆ ಉಳಿಯುತ್ತಾ?"

ಅಷ್ಟರಲ್ಲಿ ನಾಗತಿ ಬತೇರಿಯಿಂದ ಇಳಿದು ಬಂದಳು. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತಂತೆ. ಬಾಗಿಲು ತೆಗೆಯಬೇಡಿ ಅನ್ನುವುದೆಂದರೆ ಏನು ಅಂತ ಅಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ ಗೊತ್ತಿತ್ತು. ಹುಲಿ ಬೇರೆಯವರ ಕೈಗೆ ಹೋಗಿದೆ ಅಂದರೆ ಹುಲಿಯ ಹಿಂದೆ ಹೋದವರ ಗತಿ ಏನು? ತೆಗೆಯಿರಿ ಅಂದರೆ ಇನ್ನೊಂದು ಗಳಿಗೆ ಆಸೆ ಇಟ್ಟುಕೊಳ್ಳಬಹುದಿತ್ತು.

ನಾಗತಿ ಅಂದಳು: "ಕೊಕ್ಕರೆ ಕಾಣಲಿಲ್ಲ. ಅಗುಳಿ ಹಾಕಿ."

ಅಗುಳಿ ಬಿತ್ತು. ಹೊರಗೆ ಬಂದವರು ಬಾಗಿಲು ಬಡಿದರು, ನಾಯಕರಿಗೆ ಗಾಯವಾಗಿದೆ, ಬೇಗ ತೆಗೆಯಿರಿ ಅಂತ ಕೂಗಿದರು. ಒಳಗಿನಿಂದ ಉತ್ತರ ಬರಲಿಲ್ಲ. ಆಮೇಲೆ ಅವರ ನಾಲಿಗೆ ಬದಲಾಯಿತು, ಬೈಗುಳ ಬಂತು, ಬಾಣ ಬಂತು. ಅವರು ಹೊಳೆ ಕೆಳಗಿನ ಪಾಳೆಗಾರನ ಜನ. ಯುದ್ಧದಲ್ಲಿ ಹುಲಿಯನ್ನೂ ಕುದುರೆಯನ್ನೂ ಗೆದ್ದುಕೊಂಡು, ಅದೇ ವೇಷದಲ್ಲಿ ಕೋಟೆಯೊಳಗೆ ನುಗ್ಗಲು ಬಂದಿದ್ದರು. ಮೇಲಿಂದ ಕಲ್ಲು ಉರುಳಿದವು, ಕಾದ ಎಣ್ಣೆ ಸುರಿಯಿತು. ಏಣಿಯಿಲ್ಲ, ಆನೆಯಿಲ್ಲ, ಬರೀ ಮೋಸ ನಂಬಿ ಬಂದವರು ಕೆಲವು ದಿನ ಕೆರೆಯ ಬಳಿ ಕೂತು, ಆಮೇಲೆ ಬಂದ ದಾರಿ ಹಿಡಿದರು. ಕೋಟೆ ಉಳಿಯಿತು, ಉಳಿಸಿದವಳು ಪಾಲಕ್ಕ ಅಂತಾರೆ. ಆದರೆ ಆ ದಿನಗಳಲ್ಲಿ ಊರಲ್ಲಿ ಯಾರೂ ಅವಳನ್ನ ಹೊಗಳಲಿಲ್ಲ. ಒಂದು ಮನೆಯಲ್ಲೂ ಸರಿಯಾಗಿ ಒಲೆ ಉರಿಯಲಿಲ್ಲ.

ಆಮೇಲೊಂದು ದಿನ, ಬಿಸಿಲೇರಿದ ಹೊತ್ತು, ಧೂಳೇಳದೆ, ನಗಾರಿಯಿಲ್ಲದೆ, ಕಾಡಿನ ಕಡೆಯಿಂದ ಒಂದಷ್ಟು ಜನ ಕಾಲೆಳೆದುಕೊಂಡು ಬಂದರು. ಮುಂದೆ ಯಾವ ನಿಶಾನೆಯೂ ಇಲ್ಲ. ತಾಳೆಮರದ ಹತ್ತಿರ ನಿಂತರು. ಮೊದಲು ಒಂದು ನೀಲಿ ಬಟ್ಟೆ ಎದ್ದಿತು. ಡೋಲಿಯಲ್ಲಿ ಮಲಗಿದ್ದ ಯಾರೋ ಮಲಗಿದಲ್ಲಿಂದಲೇ ಕೋಲೆತ್ತಿ ಹಿಡಿದಿದ್ದರು. ಕೊಕ್ಕರೆ! ನಾಗತಿ ಬತೇರಿಯ ಕಲ್ಲಿಗೆ ಹಣೆಯೂರಿ ನಿಂತುಬಿಟ್ಟಳು. ಆಮೇಲೆ ಬಾಚಣಿಗೆ ಎದ್ದಿತು. ಆಮೇಲೆ ಏಡಿ. ರಾಟೆ ಏಳಲಿಲ್ಲ. ಎಷ್ಟೋ ಏಳಲಿಲ್ಲ. ಎಲ್ಲರಿಗಿಂತ ಕೊನೆಗೆ ಕರಿ ಬಟ್ಟೆಯೊಂದು ಬಿಚ್ಚಿಕೊಂಡಿತು, ನಡುವೆ ಬೆಳ್ಳಗೆ ಗಡಿಗೆ.

"ಕಂಡಿತು! ನನಗೇ ಕಂಡಿತು!" ಅಂತ ಮಾಳಜ್ಜಿ ಕೂಗಿದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಮೊಸರನ್ನ ಕಲಸಲು ಮನೆಗೆ ಓಡಿದಳು.

ಪಾಲಕ್ಕ ಮತ್ತೊಮ್ಮೆ ದಿಟ್ಟಿಸಿ ನೋಡಿದಳು. ಗಡಿಗೆಯ ಬಟ್ಟೆ ಹಿಡಿದ ಕೈಯಲ್ಲೇ ಏಡಿಯ ಬಟ್ಟೆಯೂ ಇತ್ತು. ನಡಿಗೆ ದುಗ್ಗಪ್ಪನದಲ್ಲ, ಗಾದ್ರಿಯದು. ದುಗ್ಗಪ್ಪ ಹೊಳೆ ದಂಡೆಯಲ್ಲಿ ಗಾದ್ರಿಯ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ಅವನ ಗುರುತಾದರೂ ಮನೆಗೆ ಬರಲಿ ಅಂತ ಗಾದ್ರಿ ಒಳ್ಳೆಯ ಮನಸ್ಸಿನಿಂದಲೇ ಅದನ್ನ ಬಿಚ್ಚಿ ಹಿಡಿದಿದ್ದ.

ಪಾಲಕ್ಕ ಮಾಳಜ್ಜಿಯ ಮನೆ ಸೇರುವ ಹೊತ್ತಿಗೆ ಅಂಗಳದಲ್ಲಿ ಮಣೆ ಹಾಕಿತ್ತು. ಮೊಸರನ್ನ ಬಡಿಸಿತ್ತು. ಮುದುಕಿ ಬಾಗಿಲ ಕಡೆ ಕಿವಿಕೊಟ್ಟು ಕೂತಿದ್ದಳು. ಪಾಲಕ್ಕ ಅವಳ ಕೈ ಹಿಡಿದಳು, ಹೇಳಲಾರದೆ ಹೇಳಿದಳು. ನಾನು ಹೊಲಿದದ್ದೇ ನಿನಗೆ ಸುಳ್ಳು ಹೇಳಿತಲ್ಲ ಅಜ್ಜಿ ಅಂತ ಅತ್ತಳು.

ಮಾಳಜ್ಜಿ ಕೈ ಚಾಚಿ ಖಾಲಿ ಮಣೆಯನ್ನ ತಡವಿ ನೋಡಿದಳು. ಆಮೇಲೆ ಅಂದಳು: "ಬತೇರಿಯಿಂದ ಇಲ್ಲಿಗೆ ಬರೋವರೆಗೆ ಅವನು ಬಂದಿದ್ದ ಕಣೇ ಪಾಲಿ. ಅಷ್ಟು ಹೊತ್ತು ಬಂದಿದ್ದ." ಗಾದ್ರಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನನ್ನ ಒಳಗೆ ಕರೆದು ಆ ಮಣೆಯ ಮೇಲೆ ಕೂರಿಸಿ, ಆ ಅನ್ನ ಉಣ್ಣಿಸಿ ಕಳಿಸಿದಳು.

ಆ ಮಾತು ಪಾಲಕ್ಕನನ್ನ ಬಿಡಲಿಲ್ಲ. ಒಳ್ಳೆಯದು ಮಾಡಿದೆನೋ ಕೆಟ್ಟದು ಮಾಡಿದೆನೋ ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ ಅಂತಾರೆ. ಸತ್ತವರ ಗುರುತನ್ನ ಮಡಿಚಿಯೇ ತರಬೇಕು, ಮನೆಯವರ ಕೈಗೆ ಕೈಯಾರೆ ಕೊಡಬೇಕು ಅಂತ ಅವತ್ತೇ ಎಲ್ಲರಿಂದ ಮಾತು ತೆಗೆದುಕೊಂಡಳು. ಆದರೆ ಒಬ್ಬಳೇ ಇದ್ದಾಗ ಅನ್ನಿಸುತ್ತಿತ್ತಂತೆ, ಆ ಹುಲಿ ಸುಳ್ಳು ಹೇಳಿದಷ್ಟು ಹೊತ್ತು ನನ್ನ ಕಾಟಯ್ಯನೂ ಬಂದಿದ್ದನಲ್ಲವೇ ಅಂತ.

ನಾಯಕ ಗಾಯ ಮಾಗಿ ಎದ್ದ ಮೇಲೆ ಪಾಲಕ್ಕನನ್ನ ಕರೆಸಿ, ನಿನಗೆ ಲಾಂಛನ ಕೊಡ್ತೀನಿ, ಸೂಜಿ ಕತ್ತರಿ ಇಟ್ಟು ಮೇಲೆ ಸೂರ್ಯಚಂದ್ರ ಬರೆಸಿಕೋ ಅಂದನಂತೆ. ಪಾಲಕ್ಕ ಕೈಮುಗಿದು, ನನಗೀಗ ಬೇಡ ಒಡೆಯಾ ಅಂದು ಮನೆಗೆ ಬಂದಳು.

ಕಾಲ ಹೋಯಿತು. ಕೊಂಡನಾಯಕ ಹೋದ, ಅವನ ಮಗ ಪಟ್ಟಕ್ಕೆ ಬಂದ. ತಿಮ್ಮವ್ವ ಹೋದಳು. ಪಾಲಕ್ಕನ ಕೂದಲು ಹತ್ತಿಯಾಯಿತು, ಬೆನ್ನು ಬಾಗಿತು. ಬತೇರಿ ಹತ್ತುವುದನ್ನ ಮಾತ್ರ ಬಿಡಲಿಲ್ಲ. ಒಂದು ದಿನ ಮೇಲೆ ಕೂತು ಬಯಲು ನೋಡುತ್ತಿದ್ದಾಗ ಅವಳಿಗೆ ಹೊಳೆಯಿತಂತೆ: ಇಷ್ಟು ವರ್ಷ ಬರುವವರನ್ನ ಕಾಯುವವರು ಗುರುತು ಹಿಡಿಯಲಿ ಅಂತ ಹೊಲಿದೆ. ಬರುವವನಿಗೆ ಕಾಯುವವಳ ಗುರುತು ಸಿಗಬೇಡವೇ? ಕಾಟಯ್ಯ ಈಗ ಬಂದರೆ, ಈ ಮುದುಕಿಯನ್ನ ನೋಡಿ ಯಾರ ಮನೆಯ ಅಜ್ಜಿಯೋ ಅಂತ ದಾಟಿ ಹೋಗುವುದಿಲ್ಲವೇ?

ಅವತ್ತಿಂದ ತನ್ನ ಬಟ್ಟೆಗೊಂದು ಗುರುತು ಹುಡುಕಿದಳು. ಊರವರು ಸೂಜಿ ಹೊಲಿ ಪಾಲಕ್ಕ, ಸೂಜಿ ಅಂದರೆ ನೀನೇ ಅಂದರು. ಅವಳು ತಲೆಯಾಡಿಸಿದಳು. ಅವನು ಹೋದ ಮೇಲಲ್ಲವೇ ಸೂಜಿ ಹಿಡಿದದ್ದು? ಕೌದಿ ಹೊಲಿಯುವ ಪಾಲಕ್ಕನನ್ನ ಲೋಕವೆಲ್ಲ ಬಲ್ಲದು, ಅವನೊಬ್ಬ ಬಲ್ಲವನಲ್ಲ. ಎಲ್ಲರಿಗೂ ಕೇಳಿದ ಪ್ರಶ್ನೆಯನ್ನ ಮೊದಲ ಸಲ ತನಗೇ ಕೇಳಿಕೊಂಡಳು. ಅವನು ನನ್ನನ್ನ ಯಾವುದರಿಂದ ಗುರುತು ಹಿಡಿದಾನು? ದಿನಗಟ್ಟಲೆ ಉತ್ತರ ಸಿಗಲಿಲ್ಲ. ಸಿಕ್ಕಾಗ ಒಬ್ಬಳೇ ನಕ್ಕಳಂತೆ.

ಅವಳ ತವರಿನವರು ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಕೆಕ್ಕರಿಕೆ ಬೆಳೆಯುತ್ತಿದ್ದರು. ಹಣ್ಣಾದರೆ ತಾನಾಗಿ ಬಿರಿದು ಘಮ್ಮೆನ್ನುವ ಹಣ್ಣು. ಒಂದು ಮಧ್ಯಾಹ್ನ ಬಳ್ಳಿ ಕಾಯುತ್ತಾ ಕೂತಿದ್ದ ಹುಡುಗಿಯ ಹತ್ತಿರ ಒಬ್ಬ ಆಳು ನೀರು ಕೇಳಿಕೊಂಡು ಬಂದ. ಅವಳು ನೀರು ಕೊಡಲಿಲ್ಲ. ಬಿರಿದ ಹಣ್ಣೊಂದನ್ನ ಮೊಣಕಾಲಿಗೆ ಬಡಿದು ಎರಡು ಮಾಡಿ ಅರ್ಧ ಅವನಿಗೆ ಕೊಟ್ಟಳು, ಅರ್ಧ ತಾನು ತಿಂದಳು. ಅವನು ಕಾಟಯ್ಯ. ಮುಂದಿನ ವಾರ ಹೆಣ್ಣು ಕೇಳಲು ಬಂದ.

ಪಾಲಕ್ಕ ಬಿಳಿ ಬಟ್ಟೆಯ ಮೇಲೆ ಹಳದಿ ಹಣ್ಣು ಹೊಲಿದಳು, ನಡುವೆ ಬಿರುಕು. ಬತೇರಿಯ ಮೇಲೆ ಬಿದಿರು ನೆಟ್ಟು ಕಟ್ಟಿದಳು. ಬಯಲಿಗೆಲ್ಲ ಕಾಣುವ ಹಾಗೆ. ಹೊಸ ನಾಯಕನ ಜನ ಕೆಳಗಿಂದ ನೋಡಿ ಗಾಬರಿಯಾದರು. ಮುದುಕಿ ಕೋಟೆಯ ಮೇಲೆ ಸೂರ್ಯ ಏರಿಸಿದ್ದಾಳೆ, ಸೂರ್ಯ ಅರಸರ ಲಾಂಛನ ಅಂತ ದೂರು ಕೊಟ್ಟರು. ಹೊಸ ನಾಯಕ ತಾನೇ ಮೆಟ್ಟಿಲು ಹತ್ತಿ ಬಂದ.

"ಅಜ್ಜಿ, ಸೂರ್ಯನನ್ನ ಏರಿಸಿದ್ದೀಯಂತೆ?"

"ಸೂರ್ಯ ಎಲ್ಲರಿಗೂ ಗೊತ್ತಪ್ಪ. ಅದು ಕೆಕ್ಕರಿಕೆ. ಒಬ್ಬನಿಗೆ ಗೊತ್ತಾದರೆ ಸಾಕು."

ನಾಯಕ ನಿಶಾನೆ ಇಳಿಸಲಿಲ್ಲ. ಅದು ಹರಿದರೆ ಬೇರೆ ಹೊಲಿಸಿಕೊಡಬೇಕು ಅಂತ ಅಪ್ಪಣೆ ಮಾಡಿ ಇಳಿದು ಹೋದ ಅಂತಾರೆ.

ಕಾಟಯ್ಯ ಬಂದನೇ? ಕೆಲವರು ಇಲ್ಲ ಅಂತಾರೆ. ಕೆಲವರು ಬೇರೆ ಕಥೆ ಹೇಳುತ್ತಾರೆ. ಒಂದು ಬೇಸಿಗೆಯಲ್ಲಿ ಹಣ್ಣುಹಣ್ಣು ಮುದುಕನೊಬ್ಬ, ಬೈರಾಗಿಯೋ ಭಿಕ್ಷುಕನೋ, ಕೆರೆ ಏರಿಯ ಮೇಲೆ ನಿಂತು ಬತೇರಿಯ ಬಟ್ಟೆಯನ್ನ ದಿಟ್ಟಿಸುತ್ತಿದ್ದನಂತೆ. ಯಾರಪ್ಪ ನೀನು ಅಂತ ಯಾರೋ ಕೇಳಿದರು. ಆ ಬಟ್ಟೆ ಯಾರದು ಅಂತ ಅವನು ಕೇಳಿದ. ಪಾಲಕ್ಕನದು, ಅವಳು ಹೋಗಿ ವರ್ಷವಾಯಿತು ಅಂದರು. ಅವನು ಹೆಸರು ಹೇಳಲಿಲ್ಲ. ಬತೇರಿಯ ಕೆಳಗೆ ಒಂದು ಹಗಲೆಲ್ಲ ಕೂತಿದ್ದು ಎದ್ದು ಹೋದ. ಅವಳು ಬದುಕಿದ್ದಾಗಲೇ ಬಂದ, ಮೆಟ್ಟಿಲು ಹತ್ತಿದ, ಇಬ್ಬರೂ ಒಂದೇ ಹಣ್ಣು ಹಂಚಿಕೊಂಡು ತಿಂದರು ಅನ್ನುವವರೂ ಇದ್ದಾರೆ. ನನಗೆ ಹೇಳಿದ ಅಜ್ಜಿ ಎರಡನ್ನೂ ಹೇಳುತ್ತಿದ್ದಳು. ಯಾವುದು ನಿಜ ಅಂದರೆ ಕೌದಿ ಹೊದಿಸಿ, ಮಲಗು ಅನ್ನುತ್ತಿದ್ದಳು.

ಈಗ ಕೋಟೆ ಬಿದ್ದಿದೆ, ಮೂಡಣ ಬತೇರಿ ಮಾತ್ರ ನಿಂತಿದೆ. ಎಮ್ಮೆಗುಂಡಿನಲ್ಲಿ ಇವತ್ತಿಗೂ ಮನೆತನಗಳಿಗೆ ಏಡಿಯವರು, ರಾಟೆಯವರು, ಬಾಚಣಿಗೆಯವರು ಅಂತಲೇ ಹೆಸರು. ಬೇಸಿಗೆಯಲ್ಲಿ ಕೆಕ್ಕರಿಕೆ ಬಂದಾಗ ಮೊದಲು ಬಿರಿದ ಹಣ್ಣನ್ನ ಆ ಊರವರು ತಿನ್ನುವುದಿಲ್ಲ, ದೇವರಿಗೂ ಇಡುವುದಿಲ್ಲ. ಬತೇರಿಯ ಕಲ್ಲಿನ ಮೇಲೆ ಬಯಲ ಕಡೆಗೆ ಮುಖಮಾಡಿ ಇಟ್ಟು ಬರುತ್ತಾರೆ. ದಾರಿಹೋಕ, ಕುರಿಯವನು, ಬೀದಿ ಅಲೆಯುವವನು, ಹಸಿದ ಯಾರೇ ಬಂದರೂ ಅದನ್ನ ತೆಗೆದು ತಿನ್ನಬಹುದು. ತಿನ್ನುವವನನ್ನ ನೀನು ಯಾರು, ಯಾವ ಊರು ಅಂತ ಆ ಊರಲ್ಲಿ ಯಾರೂ ಕೇಳುವುದಿಲ್ಲ. ಅವನು ತಿಂದು ಮುಗಿಸುವವರೆಗೆ ಒಬ್ಬರು ಹತ್ತಿರ ಕೂತಿರುತ್ತಾರೆ, ಅಷ್ಟೇ.